ಒಡೆಯದ ನಂಬರಿನ ಹೊಲಿಗೆ ಮಿಷಿನ್ನು

ಕೊಟ್ಟೂರಿನ ಬಸ್ ಸ್ಟ್ಯಾಂಡಿನಿಂದ ಮಂಡಿ ಸಾಲಿನ ಕಡೆಗೆ ಹೊರಟರೆ ಎಡಕ್ಕೆ ಮೂರನೆಯದು ದರ್ಜಿ ದುರುಗಣ್ಣನ ಅಂಗಡಿ. ಊರಿನಲ್ಲಿ ದುರುಗಣ್ಣಂದಿರು ಹದಿನೈದು ಮಂದಿಯಾದರೂ ಇದ್ದುದರಿಂದ, ಗುರುತು ತಪ್ಪಬಾರದೆಂದು ಜನ ಇವನಿಗೆ ‘ತಪ್ಪಳತಿ ದುರುಗಣ್ಣ’ ಎಂದು ಹೆಸರಿಟ್ಟಿದ್ದರು.

ಈ ಬಿರುದು ಪುಕ್ಕಟೆ ಬಂದದ್ದಲ್ಲ. ಇಪ್ಪತ್ತು ವರ್ಷದ ಸೇವೆಗೆ ಸಂದದ್ದು. ದುರುಗಣ್ಣನ ಕೈ ಬಲು ಒಳ್ಳೆಯದು, ಹೊಲಿಗೆ ಒಂದೇ ಸಮ ಕೂರುತ್ತಿತ್ತು. ತೊಂದರೆ ಇದ್ದದ್ದು ಟೇಪಿಗೂ ನೋಟ್‌ಬುಕ್ಕಿಗೂ ನಡುವಿನ ಮೂರಡಿ ದಾರಿಯಲ್ಲಿ. ಎದೆ ಮೂವತ್ತಾರು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಹೊರಟವನು ಪೆನ್ಸಿಲ್ ಹುಡುಕುವಷ್ಟರಲ್ಲಿ ಅದು ಅರವತ್ಮೂರಾಗಿರುತ್ತಿತ್ತು, ಇಲ್ಲವೇ ಬೇರೊಬ್ಬರ ಸೊಂಟವಾಗಿರುತ್ತಿತ್ತು. ಶೇಂಗಾ ಮಂಡಿಯ ಸಾವ್ಕಾರ ಪಂಚಾಕ್ಷರಪ್ಪನವರ ಮದುವೆ ಕೋಟು ಹೊಲಿದವನೂ ಇವನೇ. ಆ ಕೋಟಿನ ಎಡತೋಳು ಬಲತೋಳಿಗಿಂತ ಎರಡೂವರೆ ಇಂಚು ಉದ್ದ. ಸಾವ್ಕಾರರ ಮನೆಯ ಪಡಸಾಲೆಯಲ್ಲಿ ಮದುವೆಯ ಫೋಟೋ ಇದೆ. ಅದರಲ್ಲಿ ಅವರು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದಾರೆ. ನೋಡಿದವರು ಏನು ಗತ್ತು ಎಂದುಕೊಳ್ಳುತ್ತಾರೆ. ಒಳಗಿನ ಕಥೆ ಸಾವ್ಕಾರರಿಗೂ ದುರುಗಣ್ಣನಿಗೂ ಮಾತ್ರ ಗೊತ್ತು. ಅಂದಿನಿಂದ ಸಾವ್ಕಾರರು ಅವನ ಅಂಗಡಿಯ ಮುಂದೆ ಹಾಯುವಾಗ ಮುಖವನ್ನು ಎದುರಿನ ಸೋಡಾ ಅಂಗಡಿಯ ಕಡೆ ತಿರುಗಿಸುತ್ತಿದ್ದರು.

ಮನೆಯಲ್ಲಿ ಲೆಕ್ಕದ ಜವಾಬ್ದಾರಿ ಹೆಂಡತಿ ಓಬಮ್ಮನದು. ಅವಳು ಹಗರಿಬೊಮ್ಮನಹಳ್ಳಿಯ ಮಂಡಿಯಲ್ಲಿ ಚೀಲ ಎಣಿಸುತ್ತಿದ್ದ ಹಮಾಲರ ಮೇಸ್ತ್ರಿಯ ಮಗಳು. ಶಾಲೆ ಕಂಡದ್ದು ನಾಲ್ಕೇ ವರ್ಷವಾದರೂ, ಅಡುಗೆಮನೆಯಿಂದಲೇ ಬೀದಿಯಲ್ಲಿ ಹಾಯ್ದ ಕುರಿಮಂದೆಯ ಲೆಕ್ಕ ಹೇಳಬಲ್ಲ ಹೆಂಗಸು. ಗಂಡನ ನೋಟ್‌ಬುಕ್ಕನ್ನು ದಿನಾ ಸಂಜೆ ತಿದ್ದಿಡುತ್ತಿದ್ದಳು. ಅವಳು ಮುಟ್ಟದ ದಿನವೇ ಅನಾಹುತಗಳು ಆಗುತ್ತಿದ್ದವು.

ಸಾವಿರದ ಒಂಬೈನೂರ ತೊಂಬತ್ತೆಂಟರ ಜೂನ್ ತಿಂಗಳಲ್ಲಿ ಹರಪನಹಳ್ಳಿ ಕಡೆಯಿಂದ ಶಾಂತಕುಮಾರಿ ಎಂಬ ಗಣಿತದ ಟೀಚರ್ ಊರ ಹೈಸ್ಕೂಲಿಗೆ ಬಂದರು. ಹೊಸಬರಾದ್ದರಿಂದ ಬಿರುದು ಗೊತ್ತಿಲ್ಲದೆ ರವಿಕೆ ಬಟ್ಟೆ ಹಿಡಿದು ದುರುಗಣ್ಣನ ಅಂಗಡಿಯನ್ನೇ ಹೊಕ್ಕರು. ಅಳತೆ ಕೊಡುತ್ತ ನಿಂತವರ ಕಣ್ಣು ಮಿಷಿನ್ನಿನ ತಳಕ್ಕೆ ಬಡಿದಿದ್ದ ಹಿತ್ತಾಳೆ ಪಟ್ಟಿಯ ಮೇಲೆ ಬಿತ್ತು. ಅಲ್ಲಿ ಕಂಪನಿಯವರು ಒತ್ತಿದ ಎಂಟು ಅಂಕಿಯ ನಂಬರಿತ್ತು: 73939133.

ಟೀಚರ್ ಕೂತೇಬಿಟ್ಟರು, ಅದೂ ನೆಲದ ಮೇಲೆ, ಬಟ್ಟೆ ಚೂರುಗಳ ನಡುವೆ.

“ದುರುಗಣ್ಣಾರೆ, ಈ ನಂಬರು ನಿಮಗೆ ಯಾರು ಕೊಟ್ರು?” ಎಂದು ಕೇಳಿದರು.

ದುರುಗಣ್ಣನಿಗೆ ಗಾಬರಿಯಾಯಿತು. ಕಳವಿನ ಮಾಲು ಎಂದುಕೊಂಡರೋ ಏನೋ. “ನಾ ಹಾಕಿಸಿದ್ದಲ್ರಿ ಮೇಡಮ್ಮಾರ. ತಗೊಂಡಾಗ್ಲೇ ಇತ್ತು. ಹೊಸಪ್ಯಾಟಿಯಾಗ ಕೊಂಡಿದ್ದು, ರಸೀದಿ ಐತ್ರಿ,” ಎಂದ.

“ರಸೀದಿ ಇರ‍್ಲಿ ಬಿಡ್ರಿ. ನಾನು ಎಮ್ಮೆಸ್ಸಿ ಓದೋವಾಗ ಈ ನಂಬರನ್ನ ನೋಟ್ಸಿನ ಮೊದಲನೇ ಹಾಳೇಲಿ ಬರ‍್ಕೊಂಡಿದ್ದೆ. ಏಳು ಕೋಟಿ ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ ನೂರಾ ಮೂವತ್ಮೂರು. ಇದು ಅವಿಭಾಜ್ಯ ಸಂಖ್ಯೆ. ಒಂದು ಬಿಟ್ರೆ, ತನ್ನನ್ನೇ ತಾನು ಬಿಟ್ರೆ, ಯಾವ ಸಂಖ್ಯೆಯಿಂದ ಭಾಗಿಸಿದ್ರೂ ಸಮ ಹೋಗಲ್ಲ. ಶೇಷ ಉಳಿದೇ ಉಳಿತೈತೆ.”

ದುರುಗಣ್ಣ ಗೌರವದಿಂದ ತಲೆಯಾಡಿಸಿದ. ಅವನು ಏನನ್ನು ಭಾಗಿಸಿದರೂ ಶೇಷ ಉಳಿಯುತ್ತಿತ್ತು. ಇದರಲ್ಲಿ ವಿಶೇಷವೇನೆಂದು ಅವನಿಗೆ ತಿಳಿಯಲಿಲ್ಲ.

ಟೀಚರ್ ಅಲ್ಲಿದ್ದ ಡಬ್ಬಿಯಿಂದ ಅಂಗಿಗುಂಡಿಗಳನ್ನು ತೆಗೆದುಕೊಂಡರು. ಬಲಗಡೆಯ ಕೊನೆಯ ಅಂಕಿಯ ಮೇಲೆ ಒಂದು ಗುಂಡಿ ಇಟ್ಟು ಮುಚ್ಚಿದರು. “ಈಗ ಉಳಿದದ್ದು ಎಪ್ಪತ್ಮೂರು ಲಕ್ಷದ ತೊಂಬತ್ಮೂರು ಸಾವಿರದ ಒಂಬೈನೂರ ಹದಿಮೂರು. ಇದೂ ಒಡೆಯಲ್ಲ.” ಇನ್ನೊಂದು ಗುಂಡಿ ಇಟ್ಟರು. “ಇದೂ ಒಡೆಯಲ್ಲ.” ಮತ್ತೊಂದು ಇಟ್ಟರು. “ಇದೂ ಅಷ್ಟೆ.” ಹೀಗೆ ಗುಂಡಿ ಇಡುತ್ತ ಇಡುತ್ತ ಏಳು ಸಾವಿರಕ್ಕೆ, ಏಳುನೂರಾ ಮೂವತ್ತೊಂಬತ್ತಕ್ಕೆ, ಎಪ್ಪತ್ಮೂರಕ್ಕೆ ಇಳಿದು ಕೊನೆಗೆ ಏಳು ಒಂದೇ ಉಳಿಯಿತು. “ಏಳೂ ಒಡೆಯಲ್ಲ. ನೋಡಿದ್ರಾ? ಬಲಗಡೆಯಿಂದ ಎಷ್ಟು ಕತ್ತರಿಸಿದ್ರೂ ಉಳಿದದ್ದು ಗಟ್ಟಿ. ಇಂಥವು ಲೋಕದಾಗೆ ಎಂಬತ್ಮೂರೇ ಇರೋದು. ಆ ಎಂಬತ್ಮೂರರೊಳಗೆ ಎಲ್ಲಕ್ಕಿಂತ ದೊಡ್ಡದು ಇದು. ಇದರ ಮುಂದೆ ಇನ್ನೊಂದು ಅಂಕಿ ಬರೀತೀನಿ ಅಂದ್ರೆ ಆಗಲ್ಲ, ಯಾವ ಅಂಕಿ ಬರೆದ್ರೂ ಒಡೆದು ಹೋಗ್ತೈತೆ. ತುಂಬಿ ನಿಂತುಬಿಟ್ಟೈತೆ ಇದು.”

ಈ ಸಲ ದುರುಗಣ್ಣನಿಗೆ ಅರ್ಥವಾಯಿತು. ಅವನು ದರ್ಜಿ. ಯಾವ ಬಟ್ಟೆಗೆ ಕತ್ತರಿ ಹಾಕಿದರೂ ಅಂಚಿನ ನೂಲು ಬಿಚ್ಚುತ್ತದೆ ಎಂಬುದು ಅವನ ಬದುಕಿನ ದೊಡ್ಡ ದುಃಖ. ಎಲ್ಲಿ ಕತ್ತರಿಸಿದರೂ ನೂಲು ಬಿಚ್ಚದ ಬಟ್ಟೆಯೊಂದು ತನ್ನ ಕಾಲ ಬಳಿಯೇ ಇಪ್ಪತ್ತು ವರ್ಷದಿಂದ ಇತ್ತಲ್ಲ ಎಂದು ಅವನ ಕಣ್ಣು ತುಂಬಿತು. ಆ ಮಧ್ಯಾಹ್ನ ಅವನು ಹಿತ್ತಾಳೆ ಪಟ್ಟಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ, ಅರಿಶಿನ ಕುಂಕುಮ ಇಟ್ಟ. ಟೀಚರ ರವಿಕೆಯ ಅಳತೆ ಬರೆದುಕೊಳ್ಳುವುದನ್ನು ಮರೆತ.

ಸಂಜೆ ಓಬಮ್ಮನಿಗೆ ಹೇಳಿದ: “ನಮ್ಮ ಮಿಷಿನ್ ನಂಬರು ಯಾರಿಗೂ ಒಡೆಯಾಕ ಬರಂಗಿಲ್ಲಂತ. ಲೋಕದಾಗ ಎಂಬತ್ಮೂರ ಅವಂತ.”

“ಮೇಡಮ್ಮಾರ ರವಕಿ ಅಳತಿ ಎಲ್ಲಿ?” ಎಂದಳು ಓಬಮ್ಮ.

ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ದುರುಗಣ್ಣ ಗುಂಡಿ ಇಟ್ಟು ತೋರಿಸತೊಡಗಿದ. ಅವನು ಹೇಳುತ್ತಿದ್ದುದು ಇಷ್ಟೇ: ಈ ನಂಬರು ಒಡೆಯುವುದಿಲ್ಲ. ಊರು ಕೇಳಿಸಿಕೊಂಡದ್ದು ಬೇರೆ. ಸೋಡಾ ಅಂಗಡಿ ತಲುಪುವಷ್ಟರಲ್ಲಿ ಅದು, ಒಡೆಯದ ನಂಬರಿನ ಮಿಷಿನ್ನಿನಲ್ಲಿ ಹೊಲಿಸಿದ ಬಟ್ಟೆ ಹರಿಯುವುದಿಲ್ಲ ಎಂದಾಗಿತ್ತು. ಹಡಗಲಿ ಬಸ್ಸಿನ ಕಂಡಕ್ಟರು, ಸೀಟಿನ ಮೊಳೆಗೆ ಸಿಕ್ಕಿ ಪ್ಯಾಂಟು ಹರಿದುಕೊಳ್ಳುವುದರಲ್ಲಿ ಹೆಸರು ಮಾಡಿದವನು, ಇವನಲ್ಲಿ ಒಂದು ಜೊತೆ ಹೊಲಿಸಿಕೊಂಡು ಹೋದ. ಅದು ತಿಂಗಳಾದರೂ ಹರಿಯಲಿಲ್ಲ. ಆ ತಿಂಗಳು ಬಸ್ಸು ರಿಪೇರಿಗೆ ಹೋಗಿ, ಕಂಡಕ್ಟರು ಮನೆಯಲ್ಲಿ ಪಂಚೆ ಉಟ್ಟು ಕೂತಿದ್ದ ಎಂಬುದನ್ನು ಯಾರೂ ವಿಚಾರಿಸಲಿಲ್ಲ.

ಗುಡೇಕೋಟೆಯಿಂದ ದುರುಗಣ್ಣನ ಅಕ್ಕ ಜಂಬಕ್ಕ ಬಂದಳು, ಒಂದು ದೊಡ್ಡ ಬಟ್ಟೆ ತುಂಡು ಹಿಡಿದುಕೊಂಡು. “ತಮ್ಮಾ, ನನಗೊಂದು ರವಕಿ, ನನ್ನ ಸೊಸಿಗೊಂದು ರವಕಿ, ಇದ ಬಟ್ಟಿಯಾಗ ಹೊಲಿ. ನಿನ್ನ ಮಿಷಿನ್ನಿನಾಗ ಹೊಲಿಸಿದ್ರ ಮನಿ ಒಡೆಯಂಗಿಲ್ಲ ಅಂತ ಊರಾಗ ಅನ್ನಾಕತ್ತ್ಯಾರ. ಆಕಿ ಬ್ಯಾರೆ ಒಲಿ ಹೂಡ್ತೀನಿ ಅಂತ ಕುಂತಾಳ.”

“ಹಂಗಲ್ಲಕ್ಕಾ, ಅದು ಲೆಕ್ಕದ ನಂಬರು,” ಎಂದ ದುರುಗಣ್ಣ.

“ಲೆಕ್ಕ ನಿನಗ ಯಾವಾಗ ಬಂತು? ಸುಮ್ಮನ ಹೊಲಿ.”

ಅವನು ಹೊಲಿದ. ಅತ್ತೆಯ ಅಳತೆ ಸೊಸೆಗೂ ಸೊಸೆಯ ಅಳತೆ ಅತ್ತೆಗೂ ಹೋಯಿತು. ಇಬ್ಬರೂ ಸೇರಿ ಒಂದೇ ಬಾಯಲ್ಲಿ ಅವನನ್ನು ಬೈದರು, ಬೈಯುತ್ತ ಬೈಯುತ್ತ ರಾಜಿಯಾದರು. ಅಲ್ಲಿಗೆ ಮಿಷಿನ್ನಿನ ಕೀರ್ತಿ ಕೂಡ್ಲಿಗಿ ದಾಟಿತು.

ದುರುಗಣ್ಣನಿಗೆ ಈಗ ಬೋರ್ಡು ಬೇಕೆನ್ನಿಸಿತು. ಬೋರ್ಡು ಬರೆಯುವವನು ‘ಒಡೆಯದ ನಂಬರಿನ ಟೈಲರ್’ ಎಂದು ಮೇಲೆ ದೊಡ್ಡದಾಗಿ ಬರೆದು, ಕೆಳಗೆ ನಂಬರು ಶುರುಮಾಡಿದ. ಅಂಕಿಗಳಿಗೆ ನೆರಳು ಕೊಟ್ಟು, ಬಾಲ ಕೊಟ್ಟು, ಏಳನೆಯದಕ್ಕೆ ಬರುವಷ್ಟರಲ್ಲಿ ತಗಡು ಮುಗಿದಿತ್ತು. ಕೊನೆಯ ಅಂಕಿ ಮೂರಕ್ಕೆ ಜಾಗವಿಲ್ಲ. ದುರುಗಣ್ಣ ಅಳುವುದೊಂದು ಬಾಕಿ. ಬೋರ್ಡನ್ನು ಹೊತ್ತುಕೊಂಡೇ ಹೈಸ್ಕೂಲಿಗೆ ಓಡಿದ. ಟೀಚರ್ ನೋಡಿ ನಕ್ಕರು. “ಕೊನೇದು ಹೋದ್ರೆ ಏನಾತು? ಉಳಿದದ್ದೂ ಒಡೆಯಲ್ಲ ಅಂತ ಗುಂಡಿ ಇಟ್ಟು ತೋರಿಸಿರಲಿಲ್ವೇನ್ರಿ? ತೂಗು ಹಾಕ್ರಿ.” ಬೇರೆ ಯಾವ ನಂಬರಾದರೂ ಇಷ್ಟು ದೊಡ್ಡ ಮನಸ್ಸು ತೋರಿಸುತ್ತಿರಲಿಲ್ಲ ಎಂದು ದುರುಗಣ್ಣ ದಾರಿಯುದ್ದಕ್ಕೂ ಅಂದುಕೊಂಡು ಬಂದ.

ಮೊದಲ ಪೆಟ್ಟು ಬಂದದ್ದು ಬ್ಯಾಂಕಿನ ಗುಮಾಸ್ತ ಶ್ರೀನಾಥನಿಂದ. ಅವನು ಒಂದು ಮಧ್ಯಾಹ್ನ ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದ. ಎಂಟು ಅಂಕಿ ಹಿಡಿಸುವ ಪುಟ್ಟ ಯಂತ್ರ. ನಂಬರು ಒತ್ತಿದರೆ ಪರದೆ ಈ ತುದಿಯಿಂದ ಆ ತುದಿಗೆ ಭರ್ತಿಯಾಯಿತು. ಎರಡರಿಂದ ಭಾಗಿಸಿದ. ಪರದೆಯ ಮೇಲೆ 36969566 ಎಂದು ಬಂತು. ಚುಕ್ಕೆಯ ಮುಂದೆ ಏನೂ ಇಲ್ಲ.

“ದುರುಗಣ್ಣ, ಸಮ ಹೋತಲ್ಲಪ,” ಎಂದ ಶ್ರೀನಾಥ. ಮೂರರಿಂದ ಭಾಗಿಸಿದ, ಸಮ ಹೋಯಿತು. ನಾಲ್ಕು, ಐದು, ಆರು, ಏಳು. ಎಲ್ಲದಕ್ಕೂ ಸಮ ಹೋಯಿತು. “ಒಡೆಯಂಗಿಲ್ಲ ಅಂತಿ, ಇದು ಸಂತಿಯಾಗ ಬಿದ್ದ ಗಡಿಗಿ ಒಡೆದಂಗ ಒಡೀತತಿ ನೋಡು.”

ಗಿರಾಕಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಅವತ್ತೇ ಪ್ಯಾಂಟು ಹೊಲಿಸಿಕೊಂಡಿದ್ದವನೊಬ್ಬ ಕೂತವನು ಮೆಲ್ಲಗೆ ಎದ್ದು ನಿಂತ. ಬುತ್ತಿ ತಂದಿದ್ದ ಓಬಮ್ಮ ಹೊಸ್ತಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು.

“ಬ್ಯಾಂಕಿನ ಸಾಹೇಬ್ರ,” ಎಂದಳು, “ಮೂರು ಕೊನಿಗಿರೋ ನಂಬರು ಐದಕ್ಕ ಹೆಂಗ ಸಮ ಹೋಗ್ತತ್ರಿ? ಐದಕ್ಕ ಹೋಗಬೇಕಂದ್ರ ಕೊನಿಗೆ ಸೊನ್ನಿ ಇರಬೇಕು, ಇಲ್ಲಾ ಐದಿರಬೇಕು. ನಮ್ಮ ಕುರಿ ಕಾಯೋರಿಗೂ ಗೊತ್ತೈತಿ.”

“ಕ್ಯಾಲ್ಕುಲೇಟರ್ ಸುಳ್ಳು ಹೇಳ್ತತೇನಬೇ?”

“ಎರಡಕ್ಕ ಒಡೆದಿರಲ್ಲ, ಅದನ್ನ ತಿರುಗಿ ಎರಡು ಮಾಡ್ರಿ.”

ಶ್ರೀನಾಥ ಕಾಗದದ ಮೇಲೆ ಗುಣಿಸಿದ. 73939132 ಬಂತು. ಒಂದು ಕಡಿಮೆ. ಮತ್ತೆ ಗುಣಿಸಿದ. ಆಗಲೂ ಒಂದು ಕಡಿಮೆ. ಪರದೆಯಲ್ಲಿ ಎಂಟು ಅಂಕಿಗೇ ಜಾಗ ಮುಗಿದು, ಚುಕ್ಕೆಯ ಮುಂದಿನ ಅರ್ಧಕ್ಕೆ ಕೂರಲು ಎಡೆಯಿಲ್ಲದೆ, ಯಂತ್ರ ಅದನ್ನು ನುಂಗಿ ಕೂತಿತ್ತು. ಬೋರ್ಡು ಬರೆಯುವವನ ತಗಡಿಗೆ ಆದದ್ದೇ ಬ್ಯಾಂಕಿನ ಯಂತ್ರಕ್ಕೂ ಆಗಿತ್ತು.

“ಬ್ಯಾಂಕಿನಾಗ ನಂದೊಂದು ಖಾತೆ ಐತ್ರಿ,” ಎಂದು ಎದ್ದು ನಿಂತಿದ್ದ ಗಿರಾಕಿ ಚಿಂತೆಯಿಂದ ಹೇಳಿ ಹೊರಗೆ ನಡೆದ. ಶ್ರೀನಾಥ ಎರಡು ವಾರ ಆ ದಾರಿಯಲ್ಲಿ ಕಾಣಿಸಲಿಲ್ಲ.

ಈ ಸುದ್ದಿ ಮಂಡಿಗೆ ಮುಟ್ಟಿತು. ಪಂಚಾಕ್ಷರಪ್ಪನವರು ಮಂಡಿಯ ಸಾವ್ಕಾರರಷ್ಟೇ ಅಲ್ಲ, ಹೈಸ್ಕೂಲು ಕಮಿಟಿಯ ಅಧ್ಯಕ್ಷರೂ ಹೌದು. ಆ ವರ್ಷ ಎಂಟನೇ ತರಗತಿಯ ನೂರಾ ಮೂವತ್ತೊಂಬತ್ತು ಮಕ್ಕಳಿಗೆ ಬಿಳಿ ಅಂಗಿ ಹೊಲಿಸುವುದಿತ್ತು. ಆರ್ಡರು ಪ್ರತಿ ವರ್ಷ ದಾವಣಗೆರೆಗೆ ಹೋಗುತ್ತಿತ್ತು. ಊರ ದರ್ಜಿಗೇ ಕೊಡೋಣ ಎಂದು ಶಾಂತಕುಮಾರಿ ಟೀಚರ್ ಕಮಿಟಿ ಮೀಟಿಂಗಿನಲ್ಲಿ ಅಂದರು. ಸಾವ್ಕಾರರ ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು.

ಮರುದಿನ ಅವರು ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ದುರುಗಣ್ಣನ ಅಂಗಡಿಯ ಮುಂದೆ ನಿಂತರು. “ಲೇ ದುರುಗ, ಆ ಯಂತ್ರದ ಲೆಕ್ಕ ನನಗ ಬ್ಯಾಡ. ನಾ ಮಂಡಿ ಮನುಷ್ಯ. ಕೈಲೆ ಎಣಿಸಿದ್ದನ್ನ ನಂಬ್ತೀನಿ. ಏಳು ಕೋಟಿ ಎಣಿಸಾಕ ಆಗಂಗಿಲ್ಲ. ಆ ನಂಬರಿನ ಎಡಗಡಿ ತುಂಡೂ ಒಡೆಯಂಗಿಲ್ಲ ಅಂತಾರಲ್ಲ ನಿಮ್ಮ ಟೀಚರಮ್ಮ? ಏಳುನೂರಾ ಮೂವತ್ತೊಂಬತ್ತು ಶೇಂಗಾಕಾಯಿ ಎಣಿಸು, ಮಂಡಿಯಾಗ, ರೈತರ ಮುಂದ. ಅವನ್ನ ಪಾಲು ಹಾಕಿ ಗುಡ್ಡಿ ಮಾಡಿದ್ರ ಸಮ ಕುಪ್ಪಿ ಆಗಲಿಲ್ಲ ಅಂದ್ರ ನೂರಾ ಮೂವತ್ತೊಂಬತ್ತು ಅಂಗಿ ನಿನಗ.”

“ಆದ್ರ?” ಎಂದ ದುರುಗಣ್ಣ.

“ಆದ್ರ ಬೋರ್ಡು ಇಳಿಸಬೇಕು. ಅಂಗಡಿ ಬಾಗಲಾ ಹಾಕಿ ನಮ್ಮ ಮಂಡಿಗೆ ಬಾ. ದಬ್ಬಣ ಕೊಡ್ತೀನಿ, ಗೋಣಿಚೀಲದ ಬಾಯಿ ಹೊಲಿ. ಚೀಲಕ್ಕ ತೋಳು ಇರಂಗಿಲ್ಲ.”

ಸೋಡಾ ಅಂಗಡಿಯವರು ನಕ್ಕರು. ದುರುಗಣ್ಣ ನಗಲಿಲ್ಲ. ಈ ಎರಡು ತಿಂಗಳಲ್ಲಿ ಯಾರೂ ಅವನನ್ನು ತಪ್ಪಳತಿ ಎಂದಿರಲಿಲ್ಲ. ಗೋಣಿಚೀಲ ಹೊಲಿಯುವುದಕ್ಕೆ ಅವನಿಗೆ ನಾಚಿಕೆಯಿಲ್ಲ. ಆದರೆ ಆ ಹಳೆಯ ಹೆಸರನ್ನು ಮತ್ತೆ ತೊಡಲು ಅವನು ತಯಾರಿರಲಿಲ್ಲ. ಪಟ್ಟಿಯ ಕಡೆ ನೋಡಿದ. ಅದು ತನ್ನ ಪಾಡಿಗೆ ಹೊಳೆಯುತ್ತಿತ್ತು. “ಆಗ್ಲಿ ಸಾವ್ಕಾರ್ರ,” ಎಂದ.

ಸೋಮವಾರ ಬೆಳಿಗ್ಗೆ ಮಂಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶೇಂಗಾ ತಂದ ರೈತರು ಗಾಡಿ ಬಿಟ್ಟು ಬಂದು ಸುತ್ತ ನಿಂತರು. ನಡುವೆ ತಾಡಪಾಲು ಹಾಸಿ, ಅದರ ಮೇಲೆ ಖಾಲಿ ಬುಟ್ಟಿ ಇಟ್ಟಿದ್ದರು. ಮಂಡಿಯ ಹಿರಿಯ ಎಣಿಕೆಗಾರ ದೊಡ್ಡಬೀರಪ್ಪ ಒಂದು ಚೀಲದ ಬಾಯಿ ಬಿಚ್ಚಿದ. ಶಾಂತಕುಮಾರಿ ಟೀಚರಿಗೆ ಒಂದು ಕಬ್ಬಿಣದ ಕುರ್ಚಿ. ಮಾರುಕಟ್ಟೆ ಕಡೆಯ ಅಧಿಕಾರಿ ಹಾಲೇಶಪ್ಪನವರಿಗೆ ಕೈಯಿರುವ ಕುರ್ಚಿ. ಅವರನ್ನು ಯಾರೂ ಕರೆದಿರಲಿಲ್ಲ, ಆದರೆ ಜನ ಸೇರಿದ ಕಡೆ ಅವರು ಇರಲೇಬೇಕು.

ಪಂಚಾಕ್ಷರಪ್ಪನವರು ವಿಭೂತಿ ಹಚ್ಚಿಕೊಂಡು ಬಂದರು. ಮಂಡಿಯ ಯಾವ ಕೆಲಸವೂ ಸಾವ್ಕಾರರ ಕೈಯಿಂದಲೇ ಆರಂಭವಾಗಬೇಕು. ಚೀಲದಿಂದ ಒಂದು ಶೇಂಗಾಕಾಯಿ ತೆಗೆದು ಕಣ್ಣಿಗೊತ್ತಿಕೊಂಡು, “ಲಾಭ” ಎಂದು ಬುಟ್ಟಿಗೆ ಹಾಕಿದರು. ಎಲ್ಲರೂ ಕೈಮುಗಿದರು.

ಅಷ್ಟರಲ್ಲಿ ಹಾಲೇಶಪ್ಪನವರು ಎದ್ದು ನಿಂತು, ಎರಡು ಮಾತು ಎಂದರು. ಅವರು ಮಾರುಕಟ್ಟೆಯ ಇತಿಹಾಸದಿಂದ ಆರಂಭಿಸಿ, ತೂಕದ ಕಲ್ಲುಗಳ ಶುದ್ಧತೆ, ಶೇಂಗಾದ ಎಣ್ಣೆ ಅಂಶ, ರೈತರು ತೇವದ ಕಾಯಿ ತರಬಾರದೆಂಬ ಕಳಕಳಿ, ಉಚ್ಚಂಗಿದುರ್ಗದಲ್ಲಿ ತಮಗೆ ಒಮ್ಮೆ ಬಂದ ಜ್ವರ, ಇವನ್ನೆಲ್ಲ ಹಾಯ್ದು ನಲವತ್ತು ನಿಮಿಷದ ನಂತರ ಕುಳಿತರು. ಚಪ್ಪಾಳೆ ಜೋರಾಗಿಯೇ ಬಿತ್ತು. ಮುಗಿಯಿತಲ್ಲ ಎಂಬ ಸಂತೋಷ ಅದರಲ್ಲಿತ್ತು.

“ಹೂಂ, ಎಣಿಸಪಾ,” ಎಂದ ದೊಡ್ಡಬೀರಪ್ಪ ಆಕಳಿಸುತ್ತ.

ದುರುಗಣ್ಣ ಬುಟ್ಟಿಯ ಮುಂದೆ ಮಂಡಿಯೂರಿ ಕುಳಿತ. ಜೀವಮಾನದಲ್ಲೇ ಅಷ್ಟು ಎಚ್ಚರದಿಂದ ಅವನು ಏನನ್ನೂ ಎಣಿಸಿರಲಿಲ್ಲ. “ಒಂದು,” ಎಂದು ಹಾಕಿದ. “ಎರಡು,” ಎಂದ. ನೂರಾದಾಗ ಬೆವರು ಒರೆಸಿಕೊಂಡ. ಮುನ್ನೂರಾದಾಗ ಟೀಚರ್ ನೀರು ಕೊಟ್ಟರು. ಐನೂರಾದಾಗ ಒಬ್ಬ ರೈತ ಸೀನಿದ. ಜನ ಅವನ ಬಾಯಿ ಒತ್ತಿ ಹಿಡಿದರು. ಏಳುನೂರಾ ಮೂವತ್ತೊಂಬತ್ತು ಎಂದು ದುರುಗಣ್ಣ ಕೊನೆಯದನ್ನು ಹಾಕುವ ತನಕ ಎಣಿಕೆ ಎಲ್ಲೂ ತಪ್ಪಿರಲಿಲ್ಲ. ಎಲ್ಲರೂ ಕಂಡಿದ್ದರು.

“ಎರಡು ಕುಪ್ಪಿ ಮಾಡ್ರಿ,” ಎಂದರು ಸಾವ್ಕಾರರು.

ದೊಡ್ಡಬೀರಪ್ಪ ಆ ಕಡೆಗೊಂದು ಈ ಕಡೆಗೊಂದು ಇಡುತ್ತ ಹೋದ. ಬುಟ್ಟಿ ಬರಿದಾಯಿತು. ಆ ಕಡೆ ಮುನ್ನೂರಾ ಎಪ್ಪತ್ತು, ಈ ಕಡೆ ಮುನ್ನೂರಾ ಎಪ್ಪತ್ತು. ಒಂದೂ ಉಳಿಯಲಿಲ್ಲ.

“ನಾಕು ಮಾಡು,” ಎಂದರು ಸಾವ್ಕಾರರು. ನಾಲ್ಕೂ ಸಮ. ಐದು ಮಾಡಿದರು, ಸಮ. ಹತ್ತು ಮಾಡಿದರು, ಎಪ್ಪತ್ನಾಲ್ಕರಂತೆ ಸಮ. ಇಪ್ಪತ್ತು ಮಾಡಿದರು, ಮೂವತ್ತೇಳರಂತೆ ಇಪ್ಪತ್ತು ಪುಟ್ಟ ಕುಪ್ಪಿಗಳು ತಾಡಪಾಲಿನ ಮೇಲೆ ಶಿಸ್ತಾಗಿ ಕುಳಿತವು.

ಟೀಚರ್ ಕುರ್ಚಿಯಿಂದ ಎದ್ದರು. “ಇದು ಸಾಧ್ಯಾನೇ ಇಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಜನರ ಹಿಂದಿನಿಂದ ಯಾರೋ “ತಪ್ಪಳತಿ” ಎಂದದ್ದು ಮೆಲ್ಲಗೇ ಆದರೂ ಎಲ್ಲರಿಗೂ ಕೇಳಿಸಿತು. ದುರುಗಣ್ಣ ತಾಡಪಾಲಿನ ಮೇಲೆಯೇ ಕುಸಿದು ಕುಳಿತ. ಅವನಿಗೆ ತನ್ನ ಮೇಲೆ ಸಿಟ್ಟು ಬರಲಿಲ್ಲ, ಸಾವ್ಕಾರರ ಮೇಲೂ ಬರಲಿಲ್ಲ. ಅಷ್ಟು ದೊಡ್ಡ ನಂಬರು, ಲೋಕದಲ್ಲಿ ಎಂಬತ್ಮೂರರಲ್ಲಿ ಒಂದು, ತನ್ನಂಥವನ ಅಂಗಡಿಗೆ ಬಂದು ಹೀಗೆ ಅವಮಾನಪಟ್ಟಿತಲ್ಲ ಎಂದು ಮರುಗಿದ.

“ದಬ್ಬಣ ತರ‍್ರಿ,” ಎಂದರು ಪಂಚಾಕ್ಷರಪ್ಪನವರು. ಎರಡೂ ಕೈಯನ್ನು ಎದೆಯ ಮೇಲೆ ಕಟ್ಟಿಕೊಂಡಿದ್ದರು.

“ಒಂದು ಮಾತು ಕೇಳ್ಲೇನ್ರಿ ಸಾವ್ಕಾರ್ರ,” ಎಂದಿತು ಒಂದು ಹೆಣ್ಣು ದನಿ. ಓಬಮ್ಮ ಚೀಲಗಳ ಥಪ್ಪಿಯ ಪಕ್ಕದಿಂದ ಮುಂದೆ ಬಂದಳು. “ನೀವು ಮೊದ್ಲು ಹಾಕಿದ ಕಾಯಿಗೆ ಏನಂದ್ರಿ?”

“ಲಾಭ ಅಂದೆ. ಮತ್ತೇನನ್ಲಿ? ಒಂದು ಅಂತ ಯಾರರ ಮಂಡಿಯಾಗ ಸುರು ಮಾಡ್ತಾರೇನು?”

ಓಬಮ್ಮ ಗಂಡನ ಕಡೆ ತಿರುಗಿದಳು. “ಏನ್ರಿ, ನೀವು ಎಲ್ಲಿಂದ ಎಣಿಸಿದ್ರಿ?”

“ಒಂದ್ರಿಂದ,” ಎಂದ ದುರುಗಣ್ಣ ತಲೆ ಎತ್ತದೆ. ಅದರಲ್ಲೂ ತಪ್ಪಾಯಿತೇ ಎಂಬ ಹಾಗೆ ಸೇರಿಸಿದ, “ಮೇಡಮ್ಮಾರು ಒಂದ್ರಿಂದನ ಕಲಿಸೋದು.”

ದೊಡ್ಡಬೀರಪ್ಪ ಹಣೆ ಹಣೆ ಬಡಿದುಕೊಂಡ. ಐವತ್ತು ವರ್ಷದಿಂದ ಅವನು ಆ ಮಂಡಿಯಲ್ಲಿ ಎಣಿಸಿದ್ದಾನೆ: ಲಾಭ, ಎರಡು, ಮೂರು, ನಾಲ್ಕು. ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದಾದ ಮೇಲೆ ಎರಡು. ದರ್ಜಿಗೆ ಇದೇನು ಗೊತ್ತು? ಗೊತ್ತಿದ್ದವರೆಲ್ಲ ಹಾಲೇಶಪ್ಪನವರ ಭಾಷಣದಲ್ಲಿ ಮುಳುಗಿ ಎದ್ದು, ಬುಟ್ಟಿಯಲ್ಲಿ ಆಗಲೇ ಒಂದು ಕಾಯಿ ಇದೆ ಎಂಬುದನ್ನೇ ಮರೆತಿದ್ದರು. ಲಾಭಕ್ಕೂ ಒಂದಕ್ಕೂ ನಡುವೆ ನಲವತ್ತು ನಿಮಿಷ ಹಾಯ್ದು ಹೋಗಿತ್ತು.

“ಬುಟ್ಟಿಯಾಗ ಇದ್ದದ್ದು ಏಳುನೂರಾ ನಲವತ್ತು,” ಎಂದಳು ಓಬಮ್ಮ.

“ಲಾಭ ಲೆಕ್ಕಕ್ಕ ಬರಂಗಿಲ್ಲ,” ಎಂದರು ಪಂಚಾಕ್ಷರಪ್ಪನವರು ತಟ್ಟನೆ. “ಅದು ದೇವರಿಗೆ ಅಂದದ್ದು. ಎಣಿಸಿದ್ದು ಏಳುನೂರಾ ಮೂವತ್ತೊಂಬತ್ತ.”

ಹಿಂದೆ ನಿಂತಿದ್ದ ರೈತರಲ್ಲಿ ಒಬ್ಬ, ನೀಲಗುಂದದ ಕಡೆಯ ಮುದುಕ, ನಿಧಾನವಾಗಿ ಬೀಡಿ ಆರಿಸಿದ.

“ಸಾವ್ಕಾರ್ರ,” ಎಂದ, “ಮೂವತ್ತು ವರ್ಷದಿಂದ ನಿಮ್ಮ ಮಂಡಿಗೆ ಚೀಲ ಹಾಕಾಕತ್ತೀನಿ. ಪ್ರತಿ ಸಲ ನನ್ನ ಮೊದಲ್ನೇ ಚೀಲಕ್ಕ ಲಾಭ ಅಂತೀರಿ. ಅದು ಲೆಕ್ಕಕ್ಕ ಬರಂಗಿಲ್ಲ ಅಂದ್ರ, ಆ ಚೀಲ ಎಲ್ಲಿ ಹೋತ್ರಿ?”

ಇನ್ನೂರು ರೈತರು ಒಂದು ಹೆಜ್ಜೆ ಮುಂದೆ ಬಂದರು. ಎಲ್ಲರೂ ಮನಸ್ಸಿನಲ್ಲೇ ತಮ್ಮ ತಮ್ಮ ಮೊದಲ ಚೀಲಗಳನ್ನು ಎಣಿಸುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು. ಹಾಲೇಶಪ್ಪನವರು ತಮಗೆ ಬೇರೆ ಕಡೆ ಕೆಲಸವಿದೆ ಎಂದು ನೆನಪು ಮಾಡಿಕೊಂಡು ಎದ್ದರು.

ಪಂಚಾಕ್ಷರಪ್ಪನವರು ಗಟ್ಟಿ ಮನುಷ್ಯ, ಆದರೆ ದಡ್ಡರಲ್ಲ. ಗಂಟಲು ಸರಿಪಡಿಸಿಕೊಂಡರು. “ಲಾಭ ಅಂದ್ರ ಒಂದು,” ಎಂದರು. “ನಮ್ಮಪ್ಪನ ಕಾಲದಿಂದ ಒಂದು. ಲೇ ಬೀರಪ್ಪ, ಕುಪ್ಪಿಯಾಗಿಂದ ಒಂದು ಕಾಯಿ ತೆಗಿ.”

ದೊಡ್ಡಬೀರಪ್ಪ ಒಂದು ಕಾಯಿ ತೆಗೆದು ಟೀಚರ ಕೈಗೆ ಕೊಟ್ಟ. ಮತ್ತೆ ಕುಪ್ಪಿ ಹಾಕುವುದು ಆರಂಭವಾಯಿತು. ಎರಡು ಮಾಡಿದರು, ಒಂದು ಉಳಿಯಿತು. ಮೂರು ಮಾಡಿದರು, ಒಂದು ಉಳಿಯಿತು. ಐದಕ್ಕೆ ನಾಲ್ಕು ಉಳಿದವು. ಏಳಕ್ಕೂ ನಾಲ್ಕು. ಹನ್ನೊಂದಕ್ಕೆ ಎರಡು. ಪ್ರತಿ ಸಲ ಕಾಯಿ ಉಳಿದಾಗಲೂ ಜನ “ಉಳೀತು” ಎಂದು ಒಂದೇ ದನಿಯಲ್ಲಿ ಹೇಳುತ್ತಿದ್ದರು. ದುರುಗಣ್ಣ ಮೊದಲು ನೆಟ್ಟಗೆ ಕೂತ, ಆಮೇಲೆ ಮೊಣಕಾಲ ಮೇಲೆದ್ದ, ಹದಿಮೂರು ಕುಪ್ಪಿ ಹಾಕುವಷ್ಟರಲ್ಲಿ ಎದ್ದು ನಿಂತಿದ್ದ. ಇಪ್ಪತ್ಮೂರಕ್ಕೆ ಮೂರು ಉಳಿದಾಗ ಟೀಚರ್, “ಇಪ್ಪತ್ತೇಳರಿಂದ ಆಚೆ ನೋಡೋ ಅಗತ್ಯ ಇಲ್ಲ, ಇಪ್ಪತ್ತೆಂಟನ್ನ ಇಪ್ಪತ್ತೆಂಟರಿಂದ ಗುಣಿಸಿದ್ರೆ ಆಗ್ಲೇ ಏಳುನೂರಾ ಎಂಬತ್ನಾಲ್ಕು ಆಗ್ತೈತೆ,” ಎಂದು ವಿವರಿಸಿದರು. ರೈತರು ಒಪ್ಪಲಿಲ್ಲ. ಅವರಿಗೆ ರುಚಿ ಹತ್ತಿತ್ತು. ನಲವತ್ತರ ತನಕ ಹಾಕಿಸಿ, ನಲವತ್ತಕ್ಕೂ ಹತ್ತೊಂಬತ್ತು ಉಳಿಯುವುದನ್ನು ಕಣ್ಣಾರೆ ನೋಡಿಯೇ ಬಿಟ್ಟರು.

“ಎಂಥಾ ನಂಬರಲೇ ಇದು,” ಎಂದ ನೀಲಗುಂದದ ಮುದುಕ, ಹೋರಿಯ ಹಲ್ಲು ನೋಡಿ ಮೆಚ್ಚಿದವನ ದನಿಯಲ್ಲಿ. “ಯಾರ ಕೈಗೂ ಬಗ್ಗಂಗಿಲ್ಲ.”

“ಏಳುನೂರು ಆತು,” ಎಂದರು ಸಾವ್ಕಾರರು ಕೊನೆಯ ಪ್ರಯತ್ನವಾಗಿ. “ಏಳು ಕೋಟಿದು?”

“ಅಷ್ಟು ಶೇಂಗಾ ತರಿಸ್ರಿ,” ಎಂದರು ಟೀಚರ್. “ಎಣಿಸೋಣ. ಭಾಷಣಕ್ಕೆ ಹಾಲೇಶಪ್ಪನೋರು ಇದ್ದಾರೆ.”

ಸಾವ್ಕಾರರು ನಕ್ಕುಬಿಟ್ಟರು. ಅವರು ನಕ್ಕದ್ದನ್ನು ಮಂಡಿ ಕಂಡು ಬಹಳ ವರ್ಷವಾಗಿತ್ತು. ದಬ್ಬಣವನ್ನು ಒಳಗೆ ಕಳಿಸಿದರು. ನೂರಾ ಮೂವತ್ತೊಂಬತ್ತು ಅಂಗಿಯ ಆರ್ಡರು ಅಲ್ಲೇ, ಶೇಂಗಾ ಚೀಲದ ಮೇಲೆ ಕಾಗದವಿಟ್ಟು, ಸಹಿಯಾಯಿತು.

ಅಂಗಿಯ ಕೆಲಸ ಒಂದೂವರೆ ತಿಂಗಳು ನಡೆಯಿತು. ಟೀಚರೇ ಮಕ್ಕಳ ಅಳತೆಯ ಚೀಟಿಗಳನ್ನು ಬರೆದು ಕೊಟ್ಟರು, ನೂರಾ ಮೂವತ್ತೊಂಬತ್ತು ಚೀಟಿ. ಓಬಮ್ಮ ಅವನ್ನು ತಂತಿಗೆ ಪೋಣಿಸಿದಳು. ದುರುಗಣ್ಣ ಒಂದೊಂದೇ ಚೀಟಿ ಕಿತ್ತು, ಎರಡೆರಡು ಸಲ ಓದಿ, ಕತ್ತರಿ ಹಾಕಿದ. ತೋಳುಗಳು ಜೊತೆಜೊತೆಗೆ ಸಮ ಬಂದವು.

ಒಪ್ಪಿಸುವ ದಿನ ಅವನೂ ಓಬಮ್ಮನೂ ಶಾಲೆಯ ವರಾಂಡದಲ್ಲಿ ಅಂಗಿಗಳನ್ನು ಹತ್ತು ಹತ್ತರ ಕಟ್ಟು ಕಟ್ಟಿದರು. ಪಂಚಾಕ್ಷರಪ್ಪನವರೂ ಟೀಚರೂ ನೋಡುತ್ತ ನಿಂತಿದ್ದರು. ಕಟ್ಟು ಹದಿನಾಲ್ಕಾಯಿತು. ಒಂದೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ.

“ಸಮ ಬಂತು,” ಎಂದರು ಸಾವ್ಕಾರರು ಮೆಚ್ಚಿ.

ಸಮ ಎಂಬ ಮಾತು ಕಿವಿಗೆ ಬಿದ್ದದ್ದೇ ದುರುಗಣ್ಣ ಕಟ್ಟುಗಳನ್ನು ಇನ್ನೊಮ್ಮೆ ಎಣಿಸಿದ. ಟೀಚರ ಹುಬ್ಬು ಮೇಲೇರಿತು. ನೂರಾ ಮೂವತ್ತೊಂಬತ್ತು ಹತ್ತಕ್ಕೆ ಸಮ ಬರಬಾರದು. ಓಬಮ್ಮ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು.

“ಮೊದಲ್ನೇ ಅಂಗಿ ಯಾವ ಚೀಟಿದು?” ಎಂದು ಕೇಳಿದಳು.

“ಅದಕ್ಕ ಚೀಟಿ ಎಲ್ಲೈತಿ?” ಎಂದ ದುರುಗಣ್ಣ. “ದೊಡ್ಡ ಕೆಲಸ ಸುರು ಮಾಡೋದಲ್ಲ ಅಂತ ಮೊದಲ್ನೇದು ಲಾಭ ಅಂತ ಹೊಲಿದೆ. ಆಮ್ಯಾಲೆ ಒಂದ್ರಿಂದ ಚೀಟಿ ಸುರು ಮಾಡಿದೆ.”

ಪಂಚಾಕ್ಷರಪ್ಪನವರು ವರಾಂಡದ ಕಂಬ ಹಿಡಿದುಕೊಂಡು ನಕ್ಕರು. ಟೀಚರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಹೆಚ್ಚಿನ ಅಂಗಿಯನ್ನು ಕಟ್ಟಿನಿಂದ ಹೊರಗೆ ತೆಗೆದರು. ಹೊಲಿಗೆ ಒಂದೇ ಸಮ ಕೂತಿತ್ತು; ಆದರೆ ಅಳತೆ ದುರುಗಣ್ಣನ ಮನಸ್ಸಿಗೆ ಬಂದದ್ದು. ಎಂಟನೇ ತರಗತಿಯ ಎಲ್ಲರಿಗೂ ತೊಡಿಸಿ ನೋಡಿದರು. ಆಮೇಲೆ ಮೇಷ್ಟ್ರುಗಳಿಗೆ ಹಿಡಿದು ನೋಡಿದರು. ಯಾರಿಗೂ ಹಿಡಿಸಲಿಲ್ಲ.

ಆ ಅಂಗಿ ಈಗಲೂ ದುರುಗಣ್ಣನ ಅಂಗಡಿಯಲ್ಲಿ, ಮಿಷಿನ್ನಿನ ಮೇಲಿನ ಗೋಡೆಗೆ ತೂಗಿದೆ. ಬಂದವರು ಆಸೆಪಟ್ಟು ತೊಟ್ಟು ನೋಡುತ್ತಾರೆ. ಒಬ್ಬರಿಗೆ ತೋಳು ಬಿಗಿ, ಒಬ್ಬರಿಗೆ ಎದೆ ಸಡಿಲ, ಮತ್ತೊಬ್ಬರಿಗೆ ಎಲ್ಲೋ ಒಂದು ಚೂರು ಉಳಿಯುತ್ತದೆ. ದುರುಗಣ್ಣ ಹೆಮ್ಮೆಯಿಂದ ಕೆಳಗಿನ ಹಿತ್ತಾಳೆ ಪಟ್ಟಿ ತೋರಿಸುತ್ತಾನೆ: “ಅದರಂಗನ ಇದೂ. ಯಾರಿಗೂ ಸಮ ಹೋಗಂಗಿಲ್ಲ.”

“ಇಂಥದ್ದು ಇನ್ನೊಂದು ಐತೇನು ನಿಮ್ಮಲ್ಲಿ?” ಎಂದು ಕೇಳಿದವರಿಗೆ ಓಬಮ್ಮ, ಕೈಯಲ್ಲಿದ್ದ ನೋಟ್‌ಬುಕ್ಕನ್ನು ತಿದ್ದುವುದನ್ನು ನಿಲ್ಲಿಸದೆ, ಮಿಷಿನ್ನಿನ ಹಿಂದೆ ಪೆನ್ಸಿಲ್ ಹುಡುಕುತ್ತಿರುವ ಗಂಡನ ಕಡೆ ಕಣ್ಣಲ್ಲೇ ತೋರಿಸುತ್ತಾಳೆ. ಪೆನ್ಸಿಲ್ ಅವನ ಕಿವಿಯ ಮೇಲೆಯೇ ಇರುತ್ತದೆ.